ಪಣಜಿಯಲ್ಲಿ ಒಣಮೀನು

ಪೋರ್ಚುಗೀಸ್ ಊಟ ಉಣ್ಣಲು ಮುಂಬಯಿ ಬಳಿಯ ಕಲ್ಯಾಣದ ಕನ್ನಡ ಸಂಸಾರವೊಂದು ರಜೆಯಲ್ಲಿ ಗೋವಾಕ್ಕೆ ಹೊರಟಿತೆಂದರೆ ಇತಿಹಾಸಕ್ಕೆ ನಗು ಬರಬೇಕು. ಪೋರ್ಚುಗೀಸರೇ 1536ರಲ್ಲಿ ಕಲ್ಯಾಣಕ್ಕೆ ಬಂದಿದ್ದರು. 1570ರಲ್ಲಿ ಮತ್ತೆ ಬಂದು ಹೊರಕೇರಿಗಳಿಗೆ ಬೆಂಕಿ ಹಚ್ಚಿ, ಸಿಕ್ಕಿದ್ದನ್ನು ಬಾಚಿಕೊಂಡು ಹೋದರು. ಹತ್ತಿರದ ವಸಾಯಿಯಲ್ಲಂತೂ 1534ರಿಂದ 1739ರವರೆಗೆ ಠಿಕಾಣಿ ಹೂಡಿದ್ದರು. ಈಗಿನ ಠಾಣೆ ಸೆಂಟ್ರಲ್ ಜೈಲು ಅವರು 1730ರ ಸುಮಾರಿಗೆ ಕಟ್ಟಲು ಹಿಡಿದ ಕೋಟೆಯೇ. ಅಲ್ಲಿಯೂ ಊಟವುಂಟು, ಬಿಲ್ಲಿಲ್ಲ. ಆದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗವಲ್ಲ.

ಹಾಗಾಗಿ ಠಾಣೆಯಿಂದ ಮಾಂಡೋವಿ ಎಕ್ಸ್‌ಪ್ರೆಸ್. ಹತ್ತುವ ಮುಂಚೆ ಸ್ಟೇಷನ್ನಿನ ಹೊರಗೆ ಒಂದೊಂದು ವಡಾಪಾವ್. ಪಾವ್ ಮಾಡುವುದನ್ನು ಕಲಿಸಿದವರು, ಬಟಾಟೆ, ಮೆಣಸಿನಕಾಯಿಗಳನ್ನು ಹಡಗಿನಲ್ಲಿ ತಂದವರು ಎಲ್ಲ ಪೋರ್ಚುಗೀಸರೇ ಎಂದು ಕಾಲೇಜಿಗೆ ಹೋಗುವ ಮಗಳು ವಿವರಿಸಿದಳು.

“ಹಾಗಾದರೆ ಊಟ ಮುಗಿಯಿತಲ್ಲ, ಮನೆಗೆ ಹೋಗುವ” ಎಂದರು ಅಪ್ಪ.

ಪಣಜಿಯ ಫೊಂಟೇನಾಸ್ ಕೇರಿ. ಹಳದಿ, ನೀಲಿ ಗೋಡೆಗಳು, ಕೆಂಪು ಹಂಚು. ಹೋಟೆಲಿನ ಮೇಜಿಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಮೆನು ನೋಡಿದವರೆಲ್ಲ ಮೊದಲು ಬಲಗಡೆಯ ಅಂಕಿಗಳನ್ನೇ ಓದಿದರು. ಎಲ್ಲಕ್ಕಿಂತ ದುಬಾರಿಯಾದದ್ದರ ಹೆಸರು ಬಕಲ್ಯಾವ್.

ಬಡಿಸುವ ಹುಡುಗ ಕಾರವಾರದವನು. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಕಾಡ್ ಮೀನು. ಉಪ್ಪು ತುಂಬಿ ಒಣಗಿಸುತ್ತಾರೆ. ಒಂದೆರಡು ದಿನ ನೀರು ಬದಲಿಸುತ್ತ ನೆನೆಸಿ, ಎಳೆ ಎಳೆಯಾಗಿ ಬಿಡಿಸಿ ಬಟಾಟೆ, ಈರುಳ್ಳಿ, ಮೊಟ್ಟೆಯೊಂದಿಗೆ ಬಾಡಿಸುತ್ತಾರೆ ಎಂದು ವರ್ಣಿಸಿದ.

“ಅಂದರೆ ಒಣಮೀನಾ ತಮ್ಮಾ?” ಉಡುಪಿ ಕಡೆಯ ಅಮ್ಮ ಕೇಳಿದರು.

“ಹೌದಕ್ಕಾ. ಆದ್ರೆ ಫಾರಿನ್ದು.”

ಅಮ್ಮನ ಮುಖ ನೋಡಬೇಕಿತ್ತು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಿಗೆಂದು ಊರಿನಿಂದ ಬಂದ ಒಣಮೀನಿನ ಡಬ್ಬಿ ಅವರ ಅಡುಗೆಮನೆಯಲ್ಲಿ ಯಾವಾಗಲೂ ಇರುತ್ತದೆ. ಅದನ್ನು ಕೆಂಡವಿಲ್ಲದ ಗ್ಯಾಸಿನ ಮೇಲೆ ಸುಡುವುದೇ ಒಂದು ಗುಪ್ತ ಕಾರ್ಯಾಚರಣೆ: ಕಿಟಕಿ ತೆರೆ, ಎಕ್ಸಾಸ್ಟ್ ಹಾಕು, ಬಾಗಿಲ ಸಂದಿಗೆ ಚಾಪೆ ತುರುಕು. ಅಷ್ಟಾದರೂ ಎರಡು ಮಹಡಿ ಮೇಲಿನಿಂದ ಸೊಸೈಟಿಯ ಸೆಕ್ರೆಟರಿ ಇಳಿದು ಬರುತ್ತಾರೆ. ಅದೇ ವಾಸನೆಗೆ ಇಲ್ಲಿ ಮೇಣದ ಬತ್ತಿ, ಮಂದ ಸಂಗೀತ, ಸರ್ವಿಸ್ ಚಾರ್ಜು!

ನ್ಯಾಯವಾಗಿ ನೋಡಿದರೆ ಪೋರ್ಚುಗೀಸರ ಕಷ್ಟವೂ ಸಣ್ಣದಲ್ಲ. ವ್ರತದ ದಿನಗಳಲ್ಲಿ ಚರ್ಚು ಮಾಂಸ ಬೇಡವೆಂದಿತ್ತು. ತಿಂಗಳುಗಟ್ಟಲೆ ಕೆಡದ ಮೀನು ಹಡಗಿಗೂ ಬೇಕಿತ್ತು, ಹಳ್ಳಿಗೂ ಬೇಕಿತ್ತು. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಇಂದಿಗೂ ಪೋರ್ಚುಗಲ್ಲಿನ ಮನೆಮನೆಯಲ್ಲಿ ಬಕಲ್ಯಾವ್ ಬೇಯುತ್ತದೆ. ಅವರು ಇನ್ನೂರು ವರ್ಷ ಆಳಿದ ವಸಾಯಿ ಕಡಲಂಚಿನ ಅರ್ನಾಳದಲ್ಲಿ ಕೋಳಿ ಸಮುದಾಯದ ಮೀನುಗಾರ ಹೆಂಗಸರು ಬಿದಿರ ಗಳುಗಳಿಗೆ ಬೊಂಬಿಲ್ ಮೀನು ನೇತುಹಾಕಿ ಒಣಗಿಸುತ್ತಾರೆ. ಅದಕ್ಕೆ ಬಿಳಿ ಮೇಜುಬಟ್ಟೆಯ ಯೋಗ ಬಂದಿಲ್ಲ, ಅಷ್ಟೆ.

ಬಕಲ್ಯಾವ್ ಬಂತು. ಅಮ್ಮ ಒಂದು ತುತ್ತು ತಿಂದು, “ಹುಳಿ ಇಲ್ಲ, ಕಾಯಿ ಇಲ್ಲ” ಎಂದರು. ಆಮೇಲೆ ತಟ್ಟೆ ಖಾಲಿಯಾಗುವವರೆಗೆ ಮಾತಾಡಲಿಲ್ಲ.

ಕೊನೆಗೆ ಸಿಹಿ, ಸೆರಾಡುರಾ. ಕ್ರೀಮು, ಕಂಡೆನ್ಸ್ಡ್ ಮಿಲ್ಕು, ನಡುನಡುವೆ ಪುಡಿ ಮಾಡಿದ ಮಾರಿ ಬಿಸ್ಕತ್ತು. ಅಪ್ಪ ಮತ್ತೊಮ್ಮೆ ಬಲಗಡೆಯ ಅಂಕಿ ಓದಿ, ಒಂದು ಗ್ಲಾಸು ಮತ್ತು ನಾಲ್ಕು ಚಮಚ ತರಲು ಹೇಳಿದರು.