ಸಣ್ಣ ಸಾಹುಕಾರರ ರಂಗಪ್ರವೇಶ

ಮಲೆನಾಡಿನ ಅಡಿಕೆ ಮಂಡಿಗಳಲ್ಲಿ ಯಜಮಾನರ ಮಗನೆಂದರೆ ಹಮಾಲರ ಬಾಯಲ್ಲಿ ‘ಸಣ್ಣ ಸಾಹುಕಾರ್ರು’. ತೊಟ್ಟಿಲಲ್ಲಿರುವಾಗಲೇ ಸಿಕ್ಕುವ ಹುದ್ದೆ ಇದು. ಅರ್ಜಿ, ಸಂದರ್ಶನ ಯಾವುದೂ ಇಲ್ಲ. ರಾಜೀನಾಮೆ ಕೊಡುವ ದಾರಿಯೂ ಇಲ್ಲ. ಬಿ.ಕಾಂ. ಮುಗಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಇವರಲ್ಲಿ ಒಂದು ಬಗೆಯವರನ್ನು ದೂರದಿಂದಲೇ ಗುರುತಿಸಬಹುದು: ತುಸು ಉದ್ದ ಬಿಟ್ಟ ಕೂದಲು, ಹೆಗಲಿಗೊಂದು ಜೋಳಿಗೆ, ‘ರಾಶಿ ಎಷ್ಟು, ಬೆಟ್ಟೆ ಎಷ್ಟು’ ಎಂದು ಅಡಿಕೆಯ ದರ ಕೇಳಿದರೆ ಅರೆಗಳಿಗೆಯ ರಂಗಮೌನ.

ಸಾಗರದವರಿಗಂತೂ ಈ ನಾಟಕದ ಕಾಯಿಲೆ ಬೇಗ ತಗಲುತ್ತದೆ. ಹೆಗ್ಗೋಡು ಪಕ್ಕದಲ್ಲೇ ಇದೆ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ತೆರೆಯಿತು. ದೊಡ್ಡ ಸಾಹುಕಾರರ ಲೆಕ್ಕದಲ್ಲಿ ಆಗಿನಿಂದಲೇ ಊರ ಹುಡುಗರು ಕೆಟ್ಟರು.

ಮಗ ಮಾತು ಶುರುಮಾಡುವುದು ಗಿರೀಶ ಕಾಸರವಳ್ಳಿಯವರಿಂದ. ‘ಅವರು ಓದಿದ್ದು ಔಷಧ ವಿಜ್ಞಾನ ಅಪ್ಪಯ್ಯ. ಅದನ್ನ ಬಿಟ್ಟು ಸಿನಿಮಾ ಕಲಿಯೋಕೆ ಪುಣೆಗೆ ಹೋದರು, 1977ರ “ಘಟಶ್ರಾದ್ಧ”ಕ್ಕೆ ಸ್ವರ್ಣಕಮಲ ಬಂತು.’

‘ಓದು ಮುಗಿಸಿಕೊಂಡೇ ಹೋದರಲ್ಲ? ನೀನು ಮೊದಲು ಜಿಎಸ್‌ಟಿ ರಿಟರ್ನ್ ಮುಗಿಸು.’

ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ ಕಥೆಗೂ ಉತ್ತರ ಸಿದ್ಧ: ‘ಅವರನ್ನ ಗುಬ್ಬಿ ವೀರಣ್ಣನವರೇ ಕಾಶಿಗೆ ಕಳಿಸಿ ಎಂ.ಎ. ಓದಿಸಿದರು. ನಿನ್ನನ್ನ ಓದಿಸೋ ವೀರಣ್ಣ ಎಲ್ಲಿದ್ದಾನೆ ಮಾರಾಯ?’ ನೀನಾಸಮ್ ಕಟ್ಟಿದ ಸುಬ್ಬಣ್ಣನವರ ಹೆಸರೆತ್ತುವುದಂತೂ ಅಪಾಯ. 1991ರಲ್ಲಿ ಮ್ಯಾಗ್ಸೆಸೆ ಬಂದಾಗಲೂ ಅವರು ಅಡಿಕೆ ಬೆಳೆಗಾರರೇ ಆಗಿದ್ದರು ಎಂಬುದು ಇಡೀ ತಾಲ್ಲೂಕಿಗೆ ಗೊತ್ತು.

ಕೊನೆಯ ಅಸ್ತ್ರ ಪುರಂದರದಾಸರು. ಚಿನಿವಾರ ವ್ಯಾಪಾರವನ್ನೇ ಒದ್ದು ತಂಬೂರಿ ಹಿಡಿದರಲ್ಲ! ಅಪ್ಪಯ್ಯ ಕವಳ ಉಗಿದು ಬಂದು ನಿಧಾನವಾಗಿ ಹೇಳುತ್ತಾರೆ: ‘ನವಕೋಟಿ ನಾರಾಯಣ ಅನ್ನಿಸಿಕೊಂಡ ಮೇಲೆ ಬಿಟ್ಟರು. ನೀನು ಒಂದು ಕೋಟಿ ಮಾಡು, ತಂಬೂರಿ ನಾನೇ ಕೊಡಿಸ್ತೇನೆ.’

ರಂಗಶಿಕ್ಷಣಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು, ಅಡಿಕೆ ಕೊಯ್ಲು ಅದರ ನಟ್ಟನಡುವೆ ಬರುತ್ತದೆ. ಹಾಗಾಗಿ ಸಣ್ಣ ಸಾಹುಕಾರರು ರಾಜಿಗೆ ಬರುತ್ತಾರೆ: ಹಗಲು ಮಂಡಿ, ಸಂಜೆ ಊರಿನ ಹವ್ಯಾಸಿ ತಂಡ. ಬೆಳೆಗಾರ ಮನೆಗೆ ಹೋಗಿ ಪಟ್ಟಿ ಮಗುಚಿದರೆ ಹಿಂದುಗಡೆ ಯಾರು ಯಾವ ಬದಿಯಿಂದ ರಂಗಕ್ಕೆ ಬರಬೇಕೆಂಬ ನಕ್ಷೆ.

ಪಾಪದ ಹುಡುಗನಿಗೆ ಗೊತ್ತಾಗದ ಸಂಗತಿಯೆಂದರೆ, ಊರಿನಲ್ಲಿ ಅಪ್ಪಯ್ಯನನ್ನು ಮೀರಿಸುವ ನಟನಿಲ್ಲ. ಖರೀದಿದಾರ ದರ ಹೇಳುತ್ತಲೇ ಅವರು ಒಂದು ಅಡಿಕೆ ಎತ್ತಿ ಕತ್ತರಿಸಿ, ಹೋಳನ್ನು ಬೆಳಕಿಗೆ ಹಿಡಿದು, ಮಾಡು ನೋಡಿ, ಕನ್ನಡಕ ತೆಗೆದು ಒರೆಸುತ್ತಾರೆ. ಒಂದು ಮಾತೂ ಇಲ್ಲ. ಕನ್ನಡಕ ಮತ್ತೆ ಮೂಗಿಗೇರುವ ಹೊತ್ತಿಗೆ ಕ್ವಿಂಟಲ್‌ಗೆ ಇನ್ನೂರು ರೂಪಾಯಿ ಏರಿರುತ್ತದೆ.

ತಂಡದಲ್ಲಿ ಮಗನಿಗೆ ಸಿಕ್ಕಿದ್ದು ‘ವೆನಿಸ್ಸಿನ ವ್ಯಾಪಾರಿ’ಯ ಬಡ್ಡಿವ್ಯಾಪಾರಿ ಶೈಲಾಕನ ಪಾತ್ರ. ಪ್ರದರ್ಶನದ ದಿನ ಅಪ್ಪಯ್ಯ ಹಿಂದಿನ ಸಾಲಿನಲ್ಲಿ, ಯಾರಿಗೂ ಕಾಣದಂತೆ ಕೂತಿದ್ದರು. ರಾತ್ರಿ ಊಟಕ್ಕೆ ಕೂತಾಗ ನಟನೆಯ ಬಗ್ಗೆ ಚಕಾರವಿಲ್ಲ. ಮಜ್ಜಿಗೆಯ ಹೊತ್ತಿಗೆ ತಡೆಯಲಾಗಲಿಲ್ಲ.

‘ಮೂರು ಸಾವಿರ ಡಕೆಟ್, ಮೂರು ತಿಂಗಳು, ಬಡ್ಡಿ ಇಲ್ಲ! ಪತ್ರದಲ್ಲಿ ಮಾಂಸ ಅಂತ ಬರೆಸಿದವನಿಗೆ ರಕ್ತ ಅಂತ ಸೇರಿಸೋಕೆ ಏನಾಗಿತ್ತು? ಕಡೆಗೆ ಅಸಲೂ ಹೋಯ್ತು. ನಾವು ಬೆಳೆಗಾರರಿಗೆ ಮುಂಗಡ ಕೊಡೋದು ಹೀಗೇನಾ?’

‘ಷೇಕ್ಸ್‌ಪಿಯರ್ ಬರೆದದ್ದು ಅಪ್ಪಯ್ಯ.’

‘ಯಾರಾದರೂ ಬರೀಲಿ. ನಿಮ್ಮ ನಿರ್ದೇಶಕರನ್ನ ನಾಳೆ ಹತ್ತು ಗಂಟೆಗೆ ಮಂಡಿಗೆ ಬರಹೇಳು. ಮುಂದಿನ ಆಟಕ್ಕೆ ಕರಾರುಪತ್ರ ನಾನೇ ಬರೆದುಕೊಡ್ತೇನೆ.’