ಅಲ್ಪವ್ಯಯ ಪಕ್ಷಿದರ್ಶನ ಮೀಮಾಂಸೆ

ರಂಗನತಿಟ್ಟಿಗೆ ಹೋಗಿ ಹಕ್ಕಿ ನೋಡಿ ಬರುವುದನ್ನು ಲೋಕ ವಿಹಾರವೆಂದು ಕರೆಯುತ್ತದೆ. ದುಡ್ಡಿದ್ದವರ ಮಟ್ಟಿಗೆ ಅದು ನಿಜವಿರಬಹುದು. ಅವರಿಗೆ ಕಾರಿದೆ, ದುರ್ಬೀನಿದೆ, ಮೊಳದುದ್ದದ ಲೆನ್ಸಿದೆ. ಹಕ್ಕಿ ಹಕ್ಕಿಯಾಗಿಯೇ ಕಾಣುತ್ತದೆ. ಕೆಂಪು ಬಸ್ಸಿನಲ್ಲಿ ಪುಳಿಯೋಗರೆ ಡಬ್ಬಿ ಹಿಡಿದು ಹೋಗುವವನ ಗತಿ ಬೇರೆ. ಅವನಿಗೆ ಕಾಣುವುದು ದೂರದ ಮರದ ಮೇಲೊಂದು ಬಿಳಿ ಚುಕ್ಕೆ. ಅದು ಕೊಕ್ಕರೆಯೋ, ಗಾಳಿಗೆ ಹಾರಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವೋ ಎಂದು ನಿರ್ಣಯಿಸಲು ಅವನು ತರ್ಕಶಾಸ್ತ್ರದ ಮೊರೆ ಹೋಗಲೇಬೇಕು. ವ್ಯಯ ಇಳಿದಷ್ಟೂ ಪ್ರಮಾಣ ಏರಬೇಕೆಂಬುದು ಈ ಪ್ರಬಂಧದ ಪ್ರತಿಜ್ಞೆ. ಇದನ್ನು ಸಾಧಿಸಲು ಯಾವ ವಿಶ್ವವಿದ್ಯಾಲಯವೂ ಅನುದಾನ ಕೊಟ್ಟಿಲ್ಲವಾದ್ದರಿಂದ ಪ್ರಬಂಧವೂ ತನ್ನ ವಿಷಯಕ್ಕೆ ನಿಷ್ಠವಾಗಿದೆ.

ಮೊದಲು ಕ್ಷೇತ್ರಲಕ್ಷಣ. ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ ಜೌಗು ಪ್ರದೇಶ ಸಹಜವಾದರೂ ಸರಿ, ಕೃತಕವಾದರೂ ಸರಿ; ಕಾಯಮ್ಮಾಗಿರಬಹುದು, ತಾತ್ಕಾಲಿಕವಾಗಿರಬಹುದು; ನೀರು ನಿಂತಿರಬಹುದು, ಹರಿಯುತ್ತಿರಬಹುದು. 2022ರಲ್ಲಿ ರಂಗನತಿಟ್ಟು ಈ ಒಪ್ಪಂದದ ಪಟ್ಟಿಗೆ ಸೇರಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ, ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರಲ್ಲ, ಕೃತಕ, ತಾತ್ಕಾಲಿಕ, ನಿಂತ ನೀರು, ಮೂರೂ ಲಕ್ಷಣ ಕೂಡಿವೆ, ಬಸ್‌ಚಾರ್ಜು ಕೊಟ್ಟು ಶ್ರೀರಂಗಪಟ್ಟಣದವರೆಗೆ ಯಾಕೆ ಹೋಗಬೇಕು? ಇದಕ್ಕೆ ಅತಿವ್ಯಾಪ್ತಿ ದೋಷವೆನ್ನುತ್ತಾರೆ. ರಸ್ತೆಯ ನೀರಿಗೆ ಕೊಕ್ಕರೆ ಬರುವುದಿಲ್ಲ, ಟಿವಿಯವರು ಬರುತ್ತಾರೆ. ಮುಂದಕ್ಕೆ ಹೋಗೋಣ.

ಈ ತಿಟ್ಟುಗಳ ಇತಿಹಾಸದಲ್ಲೇ ಮಿತವ್ಯಯದ ಬೀಜವಿದೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೇ ಶತಮಾನದ ನಡುಭಾಗದಲ್ಲಿ ಕಾವೇರಿಗೆ ಒಡ್ಡು ಕಟ್ಟಿಸಿದರು. ನೀರು ಹರಡಿಕೊಂಡು ನಡುಗಡ್ಡೆಗಳಾದವು. ಕಾಳಿನಷ್ಟು ಚಿಕ್ಕದಾದ ಕಂಠೀರಾಯಿ ಹಣವನ್ನು ಅಚ್ಚು ಹಾಕಿಸಿದವರೂ ಇವರೇ. ಅತಿ ಸಣ್ಣ ಚಿನ್ನದ ನಾಣ್ಯಕ್ಕೂ ಅತಿ ಅಗ್ಗದ ಹಕ್ಕಿಛತ್ರಕ್ಕೂ ಒಬ್ಬನೇ ಕರ್ತೃ ಎಂಬುದು ಕಾಕತಾಳೀಯವೆಂದು ಚರಿತ್ರಕಾರರು ಹೇಳಿಯಾರು. ಕಾಕವೂ ಹಕ್ಕಿಯೇ ಎಂಬುದನ್ನು ಅವರಿಗೆ ನೆನಪಿಸಬೇಕು. ಮುಂದೆ ಪಕ್ಷಿತಜ್ಞ ಸಲೀಂ ಅಲಿಯವರು ಬಂದು ನೋಡಿ ಅಂದಿನ ಒಡೆಯರಿಗೆ ಹೇಳಿ, 1940ರಲ್ಲಿ ಇದು ಪಕ್ಷಿಧಾಮವಾಯಿತು. ಅಷ್ಟರಲ್ಲಿ ಹಕ್ಕಿಗಳು ತಲೆಮಾರುಗಟ್ಟಲೆ ಬಾಡಿಗೆಯಿಲ್ಲದೆ ವಾಸವಾಗಿದ್ದವು.

ವಾಸವೆಂದರೂ ಎಂಥದು! ಒಂದೇ ಮರದಲ್ಲಿ ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ ಎಲ್ಲ ಮತದವರೂ ಇದ್ದಾರೆ. ಗೂಡಿಗೆ ಬೇಕಾದ ಕಡ್ಡಿಯನ್ನು ಪಕ್ಕದ ಮನೆಯಿಂದ ಎಗರಿಸುವುದೂ ನಡೆಯುತ್ತದೆ. ಬೆಳ್ಳಕ್ಕಿ ಸಂಜೆ ಕೆಲಸ ಮುಗಿಸಿ ಬರುವ ಹೊತ್ತಿಗೆ ರಾತ್ರಿ ಬಕ ಎದ್ದು ಹೊರಡುತ್ತದೆ, ಕೊಂಬೆಗೆ ಬಿಡುವೆಂಬುದಿಲ್ಲ. ಮೆಜೆಸ್ಟಿಕ್ಕಿನ ಲಾಡ್ಜಿನವರು ಇನ್ನೂ ಕಲಿಯಬೇಕಾದ ವಿದ್ಯೆ.

ಯಾನಪ್ರಕರಣ. ಪಕ್ಷಿವೀಕ್ಷಕನಿಗೆ ಮೊದಲು ಎದುರಾಗುವ ಹಕ್ಕಿ ರಾಜಹಂಸ. ಅದು ಬಸ್ ನಿಲ್ದಾಣದಲ್ಲೇ, ಬೇಕಾದಷ್ಟು ಹತ್ತಿರದಲ್ಲೇ ಕಾಣುತ್ತದೆ. ಮಿತವ್ಯಯಿ ಅದನ್ನು ನೋಡುತ್ತಾನೆ, ಹತ್ತುವುದಿಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ರಾಜಹಂಸಾದಿಗಳಿಗೆ ಈ ವಿಧಿ ಅನ್ವಯಿಸದು. ಆದ್ದರಿಂದ ಧರ್ಮಪತ್ನೀಸಮೇತನಾಗಿ ಕೆಂಪು ಬಸ್ಸನ್ನೇ ಹತ್ತತಕ್ಕದ್ದು. ಅವಳಿಗೆ ಸಿಗುವುದು ಶೂನ್ಯ ಟಿಕೆಟ್. ಟಿಕೆಟ್ ಇದೆ, ಬೆಲೆಯಿಲ್ಲ. ಬೆಲೆಯಿಲ್ಲವೆಂದು ಬಿಸಾಡುವಂತಿಲ್ಲ, ಚೆಕಿಂಗಿನವರು ಹತ್ತಿದರೆ ತೋರಿಸಬೇಕು. ಇದ್ದೂ ಇಲ್ಲದ, ಇಲ್ಲದೆಯೂ ಇರುವ ಈ ಚೀಟಿಯೊಂದು ಕೈಗೆ ಸಿಕ್ಕಿದ್ದರೆ ಶೂನ್ಯವಾದಿಗಳು ಅಷ್ಟೊಂದು ಗ್ರಂಥ ಬರೆಯಬೇಕಿರಲಿಲ್ಲ. ಶ್ರೀರಂಗಪಟ್ಟಣದಲ್ಲಿಳಿದ ಮೇಲಿನ ಆಟೋ ವಾಗ್ವಾದ ವಿತಂಡವಾದದ ಪ್ರಕಾರಕ್ಕೆ ಸೇರುವುದರಿಂದ ಇಲ್ಲಿ ವಿವರಿಸುವುದಿಲ್ಲ.

ಇನ್ನು ಪ್ರಮಾಣಗಳು. ಪ್ರತ್ಯಕ್ಷವೆಂದರೆ ಆ ಬಿಳಿ ಚುಕ್ಕೆ. ಮೊಬೈಲಿನಲ್ಲಿ ಹಿಗ್ಗಿಸಿದರೆ ದೊಡ್ಡ ಬಿಳಿ ಚುಕ್ಕೆ. ಉಪಮಾನ ಇದಕ್ಕಿಂತ ಮೇಲು. ಹಸುವಿನಂತಿರುವುದು ಗವಯ ಎಂದು ಕೇಳಿಕೊಂಡು ಕಾಡಿಗೆ ಹೋದವನು ಅಲ್ಲಿ ಗವಯವನ್ನು ಗುರುತಿಸುತ್ತಾನೆಂಬುದು ನೈಯಾಯಿಕರ ಹಳೆಯ ಉದಾಹರಣೆ. ಹಾಗೆಯೇ ‘ಕೊಕ್ಕರೆ ಥರ ಇರ್ತದೆ, ಮೂತಿ ಮಾತ್ರ ಚಮಚ’ ಎಂದು ಕೇಳಿಸಿಕೊಂಡವನಿಗೆ ಚಮಚಕೊಕ್ಕಿನ ಹಕ್ಕಿಯ ವಿಷಯದಲ್ಲಿ ಯಾವ ಸಂಶಯವೂ ಉಳಿಯುವುದಿಲ್ಲ. ಅದು ಕೊಕ್ಕನ್ನು ನೀರಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತಾ ಸಿಕ್ಕಿದ್ದನ್ನು ಹಿಡಿಯುತ್ತದೆ. ಬಾಯ್ಕಳಕ ಕೊಕ್ಕರೆಯದು ಇನ್ನೊಂದು ಬಗೆ: ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಬಸವನಹುಳು ತಿನ್ನುವ ಕಸುಬಿಗೆ ತಕ್ಕ ಹತಾರ.

ಆದರೆ ಅಲ್ಪವ್ಯಯಿಯ ಪರಮಾಯುಧ ಅನುಮಾನ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿಗೆ ದೊಡ್ಡ ಲೆನ್ಸು ತಿರುಗಿದೆಯೋ ಅಲ್ಲಿ ಹಕ್ಕಿ. ಲೆನ್ಸಿನವನು ಕ್ಯಾಮೆರಾಕ್ಕೆ ಬೇರೆ ಶುಲ್ಕ ಕೊಟ್ಟು, ಮುಂಜಾನೆ ಎದ್ದು, ಹಸಿರು ಬಟ್ಟೆ ತೊಟ್ಟು ಬಂದಿರುತ್ತಾನೆ. ಅವನ ಭುಜದ ಹಿಂದೆ ನಿಂತವನಿಗೆ ಅಷ್ಟೂ ಫಲ ಪುಕ್ಕಟೆ. ಇದರ ಮೇಲೊಂದು ಆಕ್ಷೇಪವಿದೆ: ಇಬ್ಬರು ಲೆನ್ಸಿನವರು ಒಬ್ಬರ ಲೆನ್ಸನ್ನು ಇನ್ನೊಬ್ಬರು ನೋಡುತ್ತಾ ನಿಂತಿದ್ದರೆ? ಅಲ್ಲಿ ಅನುಮಾನ ಕೆಡುತ್ತದೆ, ಹಕ್ಕಿಯೂ ಸಿಗದು.

ಭ್ರಮೆಯ ವಿಚಾರ ವಿಸ್ತಾರಕ್ಕೆ ಯೋಗ್ಯ. ವೇದಾಂತಿಗಳು ಹಗ್ಗವನ್ನು ಹಾವೆಂದು ಕಾಣುವ ಉದಾಹರಣೆಯೊಂದರಿಂದಲೇ ಶತಮಾನಗಳನ್ನು ದೂಡಿದರು. ಅವರು ರಂಗನತಿಟ್ಟಿನ ದೋಣಿ ಹತ್ತಬೇಕಿತ್ತು. ಕಾವೇರಿಯ ಬಂಡೆ ಬೂದುಗಪ್ಪು, ಅದರ ಮೇಲಿನ ಮೊಸಳೆಯೂ ಬೂದುಗಪ್ಪು. ಪಕ್ಕದಲ್ಲಿ ಕೂತವರು, ‘ಅದು ಸಿಮೆಂಟಿನದು, ಮಕ್ಕಳಿಗಾಗಿ ಮಾಡಿ ಇಟ್ಟಿದ್ದಾರೆ’ ಎಂದು ಮಗನಿಗೆ ವಿವರಿಸುತ್ತಿರುತ್ತಾರೆ. ಬಾಯಿ ತೆರೆದೇ ಇದೆ, ಒಳಗೆ ಮಾಸಲು ಹಳದಿ, ಮೂತಿಯ ತುದಿಯಲ್ಲಿ ಒಂದು ಏರೋಪ್ಲೇನ್ ಚಿಟ್ಟೆ ಕೂತಿದೆ. ಅಷ್ಟರಲ್ಲಿ ಹುಟ್ಟು ಹಾಕುವವನು ತಿರುಗದೆಯೇ ಹೇಳುತ್ತಾನೆ: ‘ಜೀವ ಐತೆ ಸಾ. ಮಗೀನ ಕೈ ಒಳೀಕ್ ಹಾಕಳಿ.’ ಇದು ಶಬ್ದಪ್ರಮಾಣ, ಆಪ್ತವಾಕ್ಯ. ಚಿಟ್ಟೆ ಹಾರುತ್ತದೆ, ಬಾಯಿ ಮುಚ್ಚುತ್ತದೆ, ಸಿಮೆಂಟು ನೀರಿಗಿಳಿಯುತ್ತದೆ. ಹಗ್ಗದ ಪ್ರಸಂಗದಲ್ಲಿ ಜ್ಞಾನ ಬಂದೊಡನೆ ಭಯ ಹೋಗುತ್ತದೆ. ಇಲ್ಲಿ ಜ್ಞಾನ ಬಂದೊಡನೆ ಭಯ ಶುರುವಾಗುತ್ತದೆ. ಇನ್ನೂ ಒಂದು ಭೇದವುಂಟು. ಹಾವಿನಂತೆ ಕಾಣಬೇಕೆಂದು ಹಗ್ಗಕ್ಕೇನೂ ಆಸೆಯಿಲ್ಲ. ಮೊಸಳೆಗೆ ಕೊರಡಾಗಿ ಕಾಣುವ ಉದ್ದೇಶವೇ ಇದೆ. ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿನ ಮೊಸಳೆಗಳು ಮೂತಿಯ ಮೇಲೆ ಕಡ್ಡಿ ಹೊತ್ತು ಕದಲದೆ ಬಿದ್ದಿದ್ದು, ಗೂಡಿಗೆ ಕಡ್ಡಿ ಹುಡುಕಿ ಬಂದ ಬೆಳ್ಳಕ್ಕಿಯ ಮೇಲೆ ಎರಗುವುದನ್ನು ಸಂಶೋಧಕರು 2013ರಲ್ಲಿ ಪ್ರಕಟಿಸಿದ್ದಾರೆ. ಪುಕ್ಕಟೆ ಕಡ್ಡಿ ಎಂದೊಡನೆ ಮುನ್ನುಗ್ಗಬಾರದೆಂಬುದು ನಮ್ಮ ಸಿದ್ಧಾಂತಕ್ಕೆ ಕೊಂಚ ಮುಜುಗರ ತರುವ ಸಂಗತಿ. ಅದನ್ನು ಅಡಿಟಿಪ್ಪಣಿಗೆ ದೂಡಬೇಕೆಂದಿದ್ದೆವು, ಜಾಗವಾಗಲಿಲ್ಲ.

ಉಳಿದದ್ದು ಅನುಪಲಬ್ಧಿ, ಅಂದರೆ ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಇದು ಎಲ್ಲಕ್ಕಿಂತ ಅಗ್ಗ. ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿ ಗೇಟು ತೆರೆದರೆಂದರೆ ಮಂಡ್ಯದ ರೈತರು ಹಿಗ್ಗುತ್ತಾರೆ, ಕೆಳಗಿನ ನಡುಗಡ್ಡೆಗಳು ಮುಳುಗುತ್ತವೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ, ದೋಣಿ ದಡಕ್ಕೆ ಬೀಳುತ್ತದೆ. ಅಂಥ ದಿನ ಹೋದವನಿಗೆ ದೋಣಿಯ ಖರ್ಚಿಲ್ಲ. ಕೆಂಪು ನೀರು ಸುತ್ತಿ ಸುತ್ತಿ ಹರಿಯುವುದನ್ನು ದಡದಲ್ಲಿ ನಿಂತು ನೋಡಿ, ಹಕ್ಕಿಗಳ ಅಭಾವವನ್ನು ಸಾಕ್ಷಾತ್ತಾಗಿ ಗ್ರಹಿಸಿ, ಬಿದಿರುಮೆಳೆಯ ನೆರಳಿನಲ್ಲಿ ಪುಳಿಯೋಗರೆ ಬಿಚ್ಚಬಹುದು. ಬಸ್ಸಿನ ವೆಚ್ಚ ಗಂಡಸಿನ ಒಂದು ಟಿಕೆಟ್ ಮಾತ್ರ. ಇದಕ್ಕಿಂತ ಮಿತವಾದ ಪಕ್ಷಿವೀಕ್ಷಣೆ ಅಸಾಧ್ಯವೆಂದು ಸಿದ್ಧಾಂತಿ ಘೋಷಿಸುತ್ತಾನೆ.

ಶೂನ್ಯ ಟಿಕೆಟ್ಟಿನವಳು ಡಬ್ಬಿ ಮುಚ್ಚುತ್ತಾ ಉತ್ತರಪಕ್ಷ ಮಂಡಿಸುತ್ತಾಳೆ: ‘ಯಾಕಾಗಲ್ಲ? ನೀರಿಳಿದ ಮೇಲೆ ನಾನೂ ನಮ್ಮಕ್ಕನೂ ಬರ್ತೀವಿ. ಆ ಒಂದು ಟಿಕೆಟ್ಟೂ ಉಳೀತದೆ. ನೀವು ಮನೇಲಿರಿ.’

ವಾದಿ ಬಾಯಿ ಕಟ್ಟಿ ನಿಲ್ಲುವ ಇಂಥ ಎಡೆಗೆ ನ್ಯಾಯಶಾಸ್ತ್ರ ನಿಗ್ರಹಸ್ಥಾನವೆನ್ನುತ್ತದೆ. ಅದು ರಂಗನತಿಟ್ಟಿನ ಗೇಟಿನಿಂದ ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯ ಉದ್ದಕ್ಕೂ ಇದೆ.