ಕಟಕ್ ಅಂತು, ಸುಮ್ಮನಾಯ್ತು

ಕಾಫಿ ಲೋಟ ಇನ್ನೂ ಕೈಲಿತ್ತು, ಬೇಲಿಯಾಚೆ 'ಕಟಕ್' ಅಂತು. ಮತ್ತೆ 'ಕಟಕ್'. ಹಿಂದೆಯೇ ಭಾವನ ಬೈಗುಳ. ನಂಟಿನಲ್ಲಿ ಭಾವ ಏನಲ್ಲ, ಪಕ್ಕದ ಜಮೀನಿನವರು. ಮೂವತ್ತು ವರ್ಷ ಒಂದೇ ಬೇಲಿಗೆ ಮುಳ್ಳು ಕಟ್ಟಿದ ಮೇಲೆ ಇನ್ನೇನಂತ ಕರೆಯೋದು?

"ಏನ್ ಭಾವ, ಸೆಲ್ಫ್ ತಕ್ಕತಾ ಇಲ್ವಾ?"

"ಹೊಸಾ ಬ್ಯಾಟ್ರಿ ಕನಪ್ಪ! ಕೊಳ್ಳೇಗಾಲದಿಂದ ತಂದು ಎಂಟು ದಿವ್ಸ ಆಗಿಲ್ಲ!"

ಹಳೇ ಟ್ರ್ಯಾಕ್ಟರಿಗೆ ಕಾಯಿಲೆ ಬಂದರೆ ಊರಿಗೂರೇ ಡಾಕ್ಟ್ರು, ಎಲ್ಲರ ಚೀಟಿಯಲ್ಲೂ ಒಂದೇ ಮದ್ದು: ಬ್ಯಾಟ್ರಿ ಬದಲಾಯ್ಸು. ಭಾವ ನಂಬಿದ್ದಕ್ಕೆ ಕಾರಣವೂ ಇತ್ತು. ಬೇರೆಯವರ ಗಾಡಿಯಿಂದ ವೈರ್ ಎಳೆದು ಕೊಟ್ಟಾಗೆಲ್ಲ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು.

ಹನೂರು ಕಡೆಯ ಹೊಲದವರಾದರೆ ರಾತ್ರಿ ದಿಬ್ಬದ ಮೇಲೆ ನಿಲ್ಲಿಸಿ, ಬೆಳಿಗ್ಗೆ ಇಳಿಜಾರಿಗೆ ಬಿಟ್ಟು ಗೇರಿನಲ್ಲಿ ಎತ್ತಿಕೊಳ್ಳುತ್ತಾರೆ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ, ಜೋರಾಗಿ ತಿರುಗಿಸಿಕೊಟ್ಟರೆ ಸಾಕು. ಯಳಂದೂರಿನ ಗದ್ದೆ ಬಯಲಲ್ಲಿ ದಿಬ್ಬ ಎಲ್ಲಿಂದ ತರೋದು? ನಮ್ಮದೂ ಮಟ್ಟ ನೆಲ. ತಳ್ಳೋಕೆ ಆಳು ಬೇಕು. ಆಳು ಸಿಕ್ಕೋ ಹಂಗಿದ್ರೆ ಟ್ರ್ಯಾಕ್ಟರ್ ಯಾಕ್ ತತ್ತಿದ್ದೆ ಅಂತಾರೆ ಭಾವ.

ಪಂಪ್‌ಸೆಟ್ಟಿಗೆಂದು ತಂದಿದ್ದ ಮೀಟರ್ ಹಿಡಿದು ಬೇಲಿ ದಾಟಿದೆ. ಬ್ಯಾಟ್ರಿ 12.6 ವೋಲ್ಟ್, ಹುಲಿ. ಗೇರ್ ನ್ಯೂಟ್ರಲ್ಲಿಗೆ ತಂದು, ಲೈಟ್ ಹಾಕಿ ಕೀ ತಿರುಗಿಸಿದರೆ ಲೈಟು ಸೀಮೆಎಣ್ಣೆ ಬುಡ್ಡಿಯಂತೆ ಮಂಕಾಯಿತು.

"ನೋಡ್ದಾ? ಬ್ಯಾಟ್ರಿನೇ ಸತ್ತದ."

ಲೈಟು ಹಾಗಂದರೆ ಮೀಟರ್ ಬೇರೆಯೇ ಹೇಳಿತು. ಎರಡು ಕಡ್ಡಿಯನ್ನೂ ಬ್ಯಾಟ್ರಿಯ ಟರ್ಮಿನಲ್ಲಿಗೇ ಒತ್ತಿ ಹಿಡಿದರೆ, ಕೀ ತಿರುಗಿಸಿದಾಗಲೂ 12ರ ಆಸುಪಾಸು. ಬ್ಯಾಟ್ರಿ ಸತ್ತಿದ್ದರೆ 9ಕ್ಕಿಂತ ಕೆಳಗೆ ಕುಸಿಯಬೇಕಿತ್ತು. ಒಂದು ಕಡ್ಡಿ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಮೈಗೆ ಇಟ್ಟು ಮತ್ತೆ ಕೀ ತಿರುಗಿಸಿದೆ. ಅರ್ಧ ವೋಲ್ಟ್ ದಾಟಬಾರದ ಜಾಗದಲ್ಲಿ 5! ಕರೆಂಟಿಗೆ ವಾಪಸ್ ಬರೋ ದಾರಿಯೇ ಕಟ್ಟಿಹೋಗಿದೆ. ಇಲ್ಲೇ ಪಕ್ಕದ ಶಿವನಸಮುದ್ರದ ಕರೆಂಟು 1902ರಲ್ಲೇ 140 ಕಿಲೋಮೀಟರಿಗೂ ಆಚೆಯ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು; ಭಾವನ ಕರೆಂಟು ಒಂದು ಮೊಳದ ಅರ್ತ್ ಪಟ್ಟಿ ದಾಟಲಾರದೆ ಕೂತಿತ್ತು.

ಬೋಲ್ಟ್ ಬಿಚ್ಚಿದೆ. ಪಟ್ಟಿಯ ತಳದಲ್ಲಿ ಕೆಂಪು ಬಣ್ಣ, ನಿನ್ನೆ ಬಳಿದಂತೆ ಫಳಫಳ.

"ಬಣ್ಣ ಹೊಡ್ದೋರ್ ಯಾರು ಭಾವ?"

ಭಾವ ಬಿಳಿಗಿರಿರಂಗನ ಬೆಟ್ಟದ ಕಡೆ ನೋಡಿದರು. "ಆಯುಧಪೂಜೆ ಅಲ್ವಾ... ಎಲ್ಲಾ ಬಿಚ್ಚಿ ನೀಟಾಗಿ ಹೊಡ್ದಿದ್ದೆ."

ಅಲ್ಲಿಗೆ ಎರವಲು ವೈರಿನ ಮರ್ಮವೂ ತಿಳಿಯಿತು. ಅದರ ಮೈನಸ್ ಕ್ಲಿಪ್ಪನ್ನು ನೇರ ಇಂಜಿನ್ನಿಗೇ ಕಚ್ಚಿಸುತ್ತಿದ್ದರು, ಕರೆಂಟು ಬಣ್ಣದ ಗೊಡವೆಗೇ ಹೋಗುತ್ತಿರಲಿಲ್ಲ. ಉಪ್ಪುಕಾಗದದಲ್ಲಿ ಕಬ್ಬಿಣ ಬೆಳ್ಳಗಾಗುವ ತನಕ ತಿಕ್ಕಿ, ಬೋಲ್ಟ್ ಬಿಗಿದು, ತುಕ್ಕು ಹಿಡಿಯದಿರಲೆಂದು ಮೇಲೊಂದಿಷ್ಟು ಗ್ರೀಸ್ ಮೆತ್ತಿದೆ. ಕೀ ತಿರುಗಿಸಿದ್ದೇ ತಡ, ಕೊಟ್ಟಿಗೆ ಮಾಡಿನ ಪಾರಿವಾಳಗಳೆಲ್ಲ ಎದ್ದವು.

"ಮುಂದಿನ ಹಬ್ಬಕ್ಕೆ ಈ ಜಾಗಕ್ಕೆ ಮಾತ್ರ ಬಣ್ಣ ಬ್ಯಾಡ ಭಾವ."

ಹೊಳೆಯುವ ಕೆಂಪಿನ ನಡುವೆ ಗ್ರೀಸಿನ ಕಪ್ಪು ಮಚ್ಚೆಯನ್ನು ಭಾವ ತಲೆ ಓರೆ ಮಾಡಿ ನೋಡಿದರು. "ಬುಡು, ದೃಷ್ಟಿಬೊಟ್ಟು ಇಟ್ಟಂಗದ."